ಕೋಳಿಗಳಿಗೆ ಜಾಮು ಕುಡಿಸಿದ ಬು ಸುಮಾರ್ತಿನಿ

ಮೊಟ್ಟೆಗೆ ಹೆಸರಾದ ಬ್ಲಿತಾರ್ ಸೀಮೆಯಲ್ಲಿ ಕೋಳಿ ಕೆಮ್ಮಿದರೆ ಸೂಜಿಮದ್ದು ಹಿಡಿದು ಓಡಿಬಂದವರು ಅನೇಕರು. ಅರಿಶಿನ, ಶುಂಠಿ, ಬೆಳ್ಳುಳ್ಳಿಯನ್ನು ಅರೆದು ಕಾಕಂಬಿಯಲ್ಲಿ ಹುಳಿಬರಿಸಿ, ಬಾಣಂತಿಗೆ ಒಗ್ಗುವ ಜಾಮು ಎಂಬ ಈ ನಾಟಿ ಕಷಾಯ ಮೊಟ್ಟೆಯಿಡುವ ಹೇಂಟೆಗೇಕೆ ಒಗ್ಗದು ಎಂದು ಕೇಳಿದವರು ಪಶುಪಾಲನಾ ಕಚೇರಿಯ ಸುಮಾರ್ತಿನಿಯವರೊಬ್ಬರೇ. ಊರವರ ಬಾಯಲ್ಲಿ ಅವರು ‘ಬು’, ಎಂದರೆ ಅಮ್ಮ. ಮೂವತ್ತೊಂದು ವರ್ಷಗಳ ಸೇವೆಯಿಂದ ಅವರಿಂದು ನಿವೃತ್ತರಾಗುತ್ತಿದ್ದಾರೆ.

ಸೇವೆಗೆ ಸೇರಿದ ಎರಡನೆಯ ವರ್ಷ ಅವರು ತಮ್ಮ ಜಾಮುವಿನ ಮಾತೆತ್ತಿದಾಗ ಮೇಲಧಿಕಾರಿಗಳು, “ಇದು ಕಚೇರಿಯೋ, ಅಡುಗೆಮನೆಯೋ?” ಎಂದರು. ಕಡೆಗೆ, ಒಬ್ಬ ರೈತನಲ್ಲಿ ಒಂದೇ ಒಂದು ಪ್ರಯೋಗ, ಸೋತರೆ ಈ ಮಾತು ಮತ್ತೆಂದೂ ಎತ್ತಕೂಡದು ಎಂದು ಒಪ್ಪಿದರು. ಸಿಕ್ಕಿದ ರೈತ ಕಸೀರನ್. ಅವನ ಆರುನೂರು ಹೇಂಟೆಗಳು ಕೆಮ್ಮಿ ಕೆಮ್ಮಿ ಮೊಟ್ಟೆ ಅರ್ಧಕ್ಕಿಳಿದಿತ್ತು. ಕಟುಕನಿಗೆ ಮಾತು ಕೊಡುವುದೊಂದೇ ಬಾಕಿ. “ಒಂದು ಬಾನಿ ಜಾಮುವಿಗೆ ಒಂದು ಹಿಡಿ ಬೆಳ್ಳುಳ್ಳಿ” ಎಂದು ಬು ಹೇಳಿದರು. ಅವನು ತಪ್ಪದೆ ಹಾಕಿದ. ಮೂರೇ ವಾರದಲ್ಲಿ ಕೆಮ್ಮು ನಿಂತಿತು, ಮೊಟ್ಟೆ ಏರಿತು. ಬು ದಾರಿಯುದ್ದಕ್ಕೂ ಸೈಕಲ್ ಗಂಟೆ ಬಾರಿಸುತ್ತ ಮನೆಗೆ ಹೋದರು.

ಆ ಮೊಟ್ಟೆಗಳನ್ನು ಕಸೀರನ್ನನ ನೆರೆಮನೆಯ ಲಸ್ಮಿನಿ ಮಗಳ ಮದುವೆಗೆ ಒಯ್ದಳು. ಮದುವೆಯ ದಿನ ಬು ಚಪ್ಪರದೊಳಗೆ ಕಾಲಿಡುತ್ತಿದ್ದಂತೆಯೇ ಲಸ್ಮಿನಿ ಎದುರಾದಳು.

“ಬು, ಮದುವೆ ಕೇಕು ಬೆಳ್ಳುಳ್ಳಿ ನಾರ್ತಿದೆ! ಬೀಗ್ರು ಮೂಗು ಮುಚ್ಕೊಂಡು ಕೂತವ್ರೆ!”

“ನನ್ನ ನೋಡ್ಬೇಡಿ,” ಎಂದ ಅಲ್ಲೇ ಇದ್ದ ಕಸೀರನ್. “ಒಂದು ಹಿಡಿ ಅಂದ್ರು, ಒಂದೇ ಹಿಡಿ ಹಾಕ್ದೆ.”

“ಎಲ್ಲಿ, ನಿನ್ನ ಹಿಡಿ ತೋರ್ಸು,” ಎಂದರು ಬು.

ಅವನದು ಹೊಳೆಯ ಮರಳು ಹೊತ್ತು ಬೆಳೆದ ಕೈ, ಅಂಗೈ ಮೊರದಗಲ. ಪಕ್ಕದಲ್ಲಿ ಬು ತಮ್ಮ ಮುಷ್ಟಿ ಹಿಡಿದರೆ ಹಲಸಿನ ಪಕ್ಕ ನಿಂಬೆಯಿಟ್ಟಂತಾಯಿತು. ಮೇಲಧಿಕಾರಿಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ತಪ್ಪನ್ನು ಕಸೀರನ್ನನ ತಲೆಗೆ ಕಟ್ಟಿದ್ದರೆ ಯಾರೂ ಅಲ್ಲವೆನ್ನುತ್ತಿರಲಿಲ್ಲ.

“ಅವನ್ದೇನೂ ತಪ್ಪಿಲ್ಲ, ತಪ್ಪೆಲ್ಲ ನಂದೇ,” ಎಂದರು ಎಲ್ಲರಿಗೂ ಕೇಳುವಂತೆ. “ಅಳತೆ ಕೊಡ್ಬೇಕಾದೋಳು ಕೈ ಕೊಟ್ಟೆ.”

ಅಷ್ಟಕ್ಕೇ ನಿಲ್ಲದೆ ತೋಳೇರಿಸಿ ಅಡುಗೆಮನೆ ಹೊಕ್ಕರು. ಉಳಿದ ಮೊಟ್ಟೆಗಳನ್ನೆಲ್ಲ ಒಡೆದು, ಈರುಳ್ಳಿ, ಕೊಚ್ಚಿದ ಮಾಂಸ ಬೆರೆಸಿ ಮರ್ತಬಾಕ್ ಕರಿದರು. ಬೀಗರು ಮೂಗಿನಿಂದ ಕೈ ತೆಗೆದರು. ಮೇಲಧಿಕಾರಿಗಳು ಮೂರನೆಯ ಸಲ ತಟ್ಟೆ ಹಿಡಿದು ಬಂದರು.

“ಭಾರಿ ರುಚಿ ಕಣ್ರೀ! ಎಷ್ಟು ಬೆಳ್ಳುಳ್ಳಿ ಹಾಕಿದ್ರಿ?”

“ನಾನು ಹಾಕ್ಲಿಲ್ಲ ಸಾರ್. ಕೋಳಿನೇ ಹಾಕಿರೋದು.”

ಅವರು ನಕ್ಕ ಭರಕ್ಕೆ ಬಾಯಲ್ಲಿದ್ದುದು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡವರು, ಪ್ರಯೋಗ ಮುಂದುವರಿಯಲಿ ಎಂದರು. ಮರುವಾರದಿಂದ ಬು ಕೋಳಿ ಸಾಕುವ ಮನೆಮನೆಗೆ ಬೆಳ್ಳುಳ್ಳಿ ಅಳೆಯಲು ಒಂದೇ ಅಳತೆಯ ಕಾಫಿ ಲೋಟ ಹಂಚಿದರು. ಅದಕ್ಕೂ ಮೊದಲು, ಹುಟ್ಟಿದಂದಿನಿಂದ ಕೇಕು ಮಾಡಿ ತಿಳಿಯದ ಅವರು ಬೇರೆ ಊರಿನ ಮೊಟ್ಟೆ ತರಿಸಿ, ತಾವೇ ಒಂದು ಕೇಕು ಬೇಯಿಸಿ, ಮದುಮಗಳ ಹೊಸ ಮನೆಗೆ ಸೈಕಲ್ಲಿನಲ್ಲಿ ಒಯ್ದುಕೊಟ್ಟರು. ಅದು ಹಂಚಿನಂತೆ ಗಟ್ಟಿಯಾಗಿತ್ತಂತೆ. ಆ ಹುಡುಗಿ ಚಹಾದಲ್ಲಿ ನೆನೆಸಿ ನೆನೆಸಿ ಪೂರ್ತಿ ತಿಂದಳು.

ಇಂದು ನೂರನಲವತ್ತು ಕೋಳಿಮನೆಗಳಲ್ಲಿ ಅವರ ಜಾಮು ಹುದುಗುತ್ತಿದೆ. ಇನ್ನು ವಿಶ್ರಾಂತಿ ಎನ್ನುತ್ತಾರೆ ಬು. ಆದರೆ ಕಳೆದ ವಾರವೇ ಅವರ ಹಿತ್ತಲಿಗೆ ಹನ್ನೆರಡು ಬಾತುಗಳು ಬಂದಿಳಿದಿವೆ. ಬು ಸುಮಾರ್ತಿನಿಯವರಿಗೆ ದೀರ್ಘಾಯುಷ್ಯವೂ ಬಿಡುವಿಲ್ಲದ ಕೆಲಸವೂ ಲಭಿಸಲಿ. ಬಾತುಗಳಿಗೆ ದೇವರು ಧೈರ್ಯ ಕೊಡಲಿ.