ಬಟ್ಟೆ ಒಗೆಯುವ ಮಾಮಾ ಮಾಂಕಾ

ಕಿಲಿಮಂಜಾರೋ ಬೆಟ್ಟದ ಬುಡದಲ್ಲಿರುವ ನಮ್ಮೂರು ಮೋಶಿಯ ಹೋಟೆಲುಗಳು ಒಂದೊಂದು ಅಂಗಿಗೂ ದುಡ್ಡು ಕೇಳಿದರೆ, ನಮ್ಮ ಬೀದಿಯ ಮಾಮಾ ಮಾಂಕಾ (ಇಲ್ಲಿ ‘ಮಾಮಾ’ ಎಂದರೆ ಅಮ್ಮ) ಬಕೆಟ್ ತುಂಬ ಬಟ್ಟೆಯನ್ನು ನಾಲ್ಕು ಸಾವಿರ ಶಿಲ್ಲಿಂಗಿಗೆ ಒಗೆದುಕೊಡುತ್ತಾಳೆ. ಪರದೇಶದವರ ಒಳಬಟ್ಟೆಯನ್ನು ಮಾತ್ರ ಮುಟ್ಟುವುದಿಲ್ಲ. "ಅದನ್ನ ನೀವೇ ಒಗ್ಕೊಳ್ಳಿ, ಸೋಪು ನಾನು ಕೊಡ್ತೀನಿ" ಎನ್ನುತ್ತಾಳೆ. ಪ್ಯಾಂಟಿಗೆ ಮೆತ್ತಿದ ಮಣ್ಣು ನೋಡಿಯೇ ಕಿಲಿಮಂಜಾರೋದ ತುದಿ ಮುಟ್ಟಿದವರು ಯಾರು, ಅರ್ಧಕ್ಕೆ ಇಳಿದವರು ಯಾರು ಎಂದು ಹೇಳಿಬಿಡುತ್ತಾಳೆ. ಮೊನ್ನೆ ಅರ್ಧಕ್ಕೇ ಇಳಿದುಬಂದ ಎಪ್ಪತ್ತರ ಪ್ರವಾಸಿ ಹೆನ್ರಿಕ್, "ಈ ಕಾಲುಚೀಲ ಬಿಸಾಕಮ್ಮ, ಇನ್ನು ನನಗ್ಯಾಕೆ?" ಎಂದ. ಆಕೆ ಅವನ್ನೂ ಒಗೆದು ಒಣಗಿಸಿ, ಹೆಬ್ಬೆರಳ ಹತ್ತಿರ ಹರಿದಿದ್ದನ್ನು ಹೊಲಿದು ಅವನ ಕೈಗಿಟ್ಟಳು. "ಬೆಟ್ಟ ಎಲ್ಲಿಗೂ ಹೋಗಲ್ಲ ಅಜ್ಜಾ, ನೀನು ಸುಧಾರಿಸ್ಕೊ." ಮುದುಕ ಬಹಳ ಹೊತ್ತು ಆ ಹೊಲಿಗೆಯನ್ನು ಸವರುತ್ತ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಜನವರಿಯಲ್ಲಿ ಇಲ್ಲಿ ಮಳೆ ಇರುತ್ತಾ?"