ಮತೂಷನ ಹೆಬ್ಬೆರಳು

ಫ್ಲಿಂಟ್ ಊರಿನ ನಮ್ಮ ಪಂಪಿನ ಕಾರ್ಖಾನೆಯಲ್ಲಿ ಮತೂಷ್ ಹ್ರಿವ್ನಾಕನ ಹೆಬ್ಬೆರಳಿಗಿದ್ದ ಬೆಲೆ ಮೇಸ್ತ್ರಿಯ ಮಾತಿಗೂ ಇರಲಿಲ್ಲ. ಆಗಿನ ಕಾರುಗಳು ಏರು ಸಿಕ್ಕರೆ ಪೆಟ್ರೋಲು ಸಾಲದೆ ಮುದಿ ಎತ್ತಿನಂತೆ ನಿಂತುಬಿಡುತ್ತಿದ್ದವು. ಅದಕ್ಕೆ ಮದ್ದಾಗಿ ಬಂದದ್ದು ಅಂಗೈಯಗಲದ ಪಂಪು. ಒಳಗೆ ಮೆರುಗೆಣ್ಣೆ ಕುಡಿಸಿದ ಬಟ್ಟೆಯ ಬಿಲ್ಲೆಯೊಂದು ಮೇಲೆ ಕೆಳಗೆ ಆಡುತ್ತ ಪೆಟ್ರೋಲನ್ನು ಎಂಜಿನ್ನಿಗೆ ದೂಡುತ್ತಿತ್ತು.

ಪರೀಕ್ಷೆಯ ಮೇಜಿನಲ್ಲಿ ಒತ್ತಡ ಅಳೆಯುವ ಮೀಟರು ಇತ್ತು. ನಾವು ಅದಕ್ಕೆ ಟೋಪಿ ನೇತುಹಾಕುತ್ತಿದ್ದೆವು. ಪಂಪಿನ ಬಾಯಿಗೆ ಹೆಬ್ಬೆರಳೊತ್ತಿ, ಇಪ್ಪತ್ತು ಎಣಿಸಿ ನಾಡಿ ಹಿಡಿಯುವುದೇ ನಮ್ಮ ಪದ್ಧತಿ. ನಾನು ಓದಿದ್ದು ಮೂರನೇ ಕ್ಲಾಸು. ಕಾಲೇಜು ಕಲಿತವರಿಗೆ ಆ ನಾಡಿ ಕಲಿಸಿದವನು ನಾನು. ಮತೂಷ್ ನನಗೂ ಮಿಗಿಲು.

ಬಿಲ್ಲೆಗಳು ಬೇಗ ಹರಿಯುತ್ತಿದ್ದವು. ಮತೂಷ್ ಎರಡು ವರ್ಷ ಹಟ ಹಿಡಿದು, ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಓರೆಯಾಗಿ ಕೂರಿಸಿ ಹೊಸ ಬಿಲ್ಲೆ ಮಾಡಿದ. ಮೇಜಿನ ಮೇಲೆ ಅದು ಮೂರು ಪಟ್ಟು ಬಾಳಿತು.

“ಇದನ್ನ ಹಾಕಿದ್ ಕಾರು ಗುಡ್ಡ ಹತ್ತಿದ್ರೆ ಎಲ್ಲಾ ಪಂಪಿಗೂ ನಿನ್ ಬಿಲ್ಲೇನೇ ಕಣೋ,” ಎಂದ ಮೇಸ್ತ್ರಿ ಪ್ರಾಥರ್.

ಹೊಸ ಬಿಲ್ಲೆ ಹಾಕಿದ ಹತ್ತು ಪಂಪುಗಳಿಗೆ ಮತೂಷ್ ಬೆರಳಿಟ್ಟು ಒಂದನ್ನು ಆರಿಸಿದ.

“ಒಂದ್ಸಲ ಮೀಟರ್ ನೋಡೋ,” ಎಂದೆ.

“ಮೀಟರು ಬೆರಳಿಲ್ದೋರಿಗೆ ಕಣಣ್ಣ!” ಎಂದು ನಕ್ಕ.

ಆ ಪಂಪು ಕೂರಿಸಿದ ಕಾರು ಅರ್ಧ ಗುಡ್ಡದಲ್ಲಿ ನಿಂತಿತು. ಪ್ರಾಥರ್ ಪಂಪನ್ನು ಗುಜರಿ ಡಬ್ಬಕ್ಕೆ ಎಸೆದ. ನಾನು ಎತ್ತಿ ತಂದು ಮೀಟರಿಗೆ ಹಾಕಿದೆ. ಮುಳ್ಳು ಏಳಲೇ ಇಲ್ಲ. ಬಿಚ್ಚಿ ನೋಡಿದರೆ ಬಿಲ್ಲೆ ಹೊಸದರಂತಿತ್ತು. ವಾಲ್ವು ಮುಚ್ಚದಂತೆ ಅದರಡಿ ಅರದಿಂದ ಉದುರಿದ ಲೋಹದ ಚೂರೊಂದು ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಯಾರ ಹೆಬ್ಬೆರಳಾದರೂ ಮೂರು ಎಣಿಸುವುದರೊಳಗೆ ಅದನ್ನು ಹೇಳುತ್ತಿತ್ತು.

ಮತೂಷನಿಗೆ ತೋರಿಸಿದೆ. ಅವನು ಸೂಜಿ ತೆಗೆದು ಹೆಬ್ಬೆರಳಿಗೆ ಚುಚ್ಚಿಕೊಂಡ. ರಕ್ತ ಬಂತು, ಮುಖ ಅಲುಗಲಿಲ್ಲ.

“ಚಳಿಗಾಲದಿಂದ ಹಿಂಗೇ ಅಣ್ಣ. ಪೆಟ್ರೋಲಲ್ಲಿ ನೆನೆದೂ ನೆನೆದೂ ಸತ್ತೋಯ್ತು.”

“ಹೇಳೋಕೆ ಏನ್ ಬಂದಿತ್ತೋ ನಿಂಗೆ?”

“ಬೆರಳೇ ಇಲ್ಲ ಅಂದ್ಮೇಲೆ ನನ್ನನ್ನ ಯಾರ್ ಕೇಳ್ತಾರೆ?”

ಆದರೂ ಬಿಲ್ಲೆ ಉಳಿದರೆ ಸಾಕೆಂದು, ಮರುದಿನ ಅವನೇ ಪ್ರಾಥರನ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡ.

“ಅಂದ್ರೆ ಚಳಿಗಾಲದಿಂದ ನೀನು ಪಾಸ್ ಮಾಡಿದ್ದೆಲ್ಲಾ ಸುಳ್ಳಾ?”

“ತಪ್ಪು ನಂದು ಯಜಮಾನ್ರೇ, ಬಿಲ್ಲೇದಲ್ಲ. ಇನ್ನೊಂದ್ಸಲ ಗುಡ್ಡ ಹತ್ಸಿ ನೋಡಿ.”

“ಸತ್ತ ಬೆರಳಿನೋನ ಬಿಲ್ಲೇನ ಯಾವನು ನಂಬ್ತಾನೋ? ನಡಿ ಆಚೆ!”

ನಾನು ಬಾಯಿ ಹಾಕಿದೆ. ಪ್ರಾಥರ್ ತಿರುಗಿ, “ಮೀಟರಿಗೆ ಟೋಪಿ ಹಾಕೋದು ಕಲಿಸ್ದೋನು ನೀನೇ ಅಲ್ವೇನಯ್ಯಾ?” ಎಂದ.

ಉಳಿದ ಒಂಬತ್ತು ಬಿಲ್ಲೆಗಳನ್ನು ಅವತ್ತೇ ಕುಲುಮೆಗೆ ಹಾಕಿದರು. ಬಾಗಿಲಲ್ಲಿ ಮತೂಷ್ ಕೋಟಿನ ಗುಂಡಿ ಹಾಕಿಕೊಳ್ಳಲಾಗದೆ ತಡಕಾಡುತ್ತಿದ್ದ. ನಾನೇ ಹಾಕಿಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ.

ಮೇಜಿಗೆ ಮರಳಿ ಮೀಟರಿನ ಮೇಲಿದ್ದ ಟೋಪಿ ತೆಗೆದೆ. ಅದು ಅವನದೇ. ಕಿಟಕಿಯಾಚೆ ಅವನ ಬರಿತಲೆ ಇನ್ನೂ ಕಾಣುತ್ತಿತ್ತು. ಕೂಗಿ ಕರೆಯಲು ನನಗೆ ಮುಖವಿರಲಿಲ್ಲ.