ಓಣಿಯ ಗ್ರೂಪಿನಲ್ಲಿ ಒಂದು ಸಾವು

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರೇ ರೊಟ್ಟಿ ಬಡಿದು, ಜುಣಕ ಮಾಡಿ, ಬುತ್ತಿ ಕಟ್ಟಿ ಒಯ್ಯಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಅಳುವುದನ್ನು ಕಲಿಸುತ್ತಾರೆಯೇ? ಮೊನ್ನೆ ನಾನು ಅಂಥ ರೊಟ್ಟಿ ಬಡಿದೆ. ಅದನ್ನು ಉಂಡವರು ಯಾರೆಂದು ಹೇಳಿದರೆ, ಗೆಳೆಯರೇ, ನನಗೆ ತಲೆ ಕೆಟ್ಟಿದೆ ಎನ್ನುತ್ತೀರಿ.

ಕೊಪ್ಪಳದ ಹೊಸ ಬಡಾವಣೆಯಲ್ಲಿ ನಮ್ಮ ಓಣಿ. ಮನೆಗಿಂತ ಗೇಟಿನ ಗತ್ತೇ ಹೆಚ್ಚು. ಕೂತು ಹರಟಲು ಒಂದು ಕಟ್ಟೆಯಿಲ್ಲವಾದ್ದರಿಂದ ಫೋನಿನೊಳಗೇ ಕಟ್ಟೆ ಕಟ್ಟಿಕೊಂಡು ಅದಕ್ಕೆ ಗ್ರೂಪು ಎಂದು ಹೆಸರಿಟ್ಟಿದ್ದೇವೆ. ನಳಕ್ಕೆ ನೀರು ಬಂದದ್ದು, ಕರೆಂಟು ಹೋದದ್ದು, ಯಾರದೋ ಮೊಮ್ಮಗಳ ಹುಟ್ಟುಹಬ್ಬ, ಎಲ್ಲ ಸುಖದುಃಖವೂ ಅಲ್ಲಿಯೇ.

ಮೊನ್ನೆ ಬೆಳಿಗ್ಗೆ ಅದನ್ನು ತೆರೆದವಳ ಎದೆ ಧಸಕ್ಕೆಂದಿತು. ನಾಲ್ಕಾರು ಮನೆಯಾಚೆಯ ದೊಡ್ಡಬಸಪ್ಪನವರ ಫೋಟೋ: ಕುರ್ಚಿಯಲ್ಲಿ ಕೂತಿದ್ದಾರೆ, ಹಣೆತುಂಬ ವಿಭೂತಿ, ಗದ್ದದವರೆಗೆ ಹೂವಿನ ಹಾರ, ಹೆಗಲಿಗೆ ಶಾಲು, ಕಣ್ಣು ಮುಚ್ಚಿವೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಹೀಗೆಯೇ ಕೂಡಿಸಿ ಸಿಂಗರಿಸುವುದಲ್ಲವೇ? ಒಂದಕ್ಷರ ಬರೆದಿರಲಿಲ್ಲ, ಬರೆಯುವುದಾದರೂ ಏನು? ಕೆಳಗೆ 'ದೊಡ್ಡಬಸಪ್ಪನವರಿಗೆ ಓಂ ಶಾಂತಿ' ಎಂದು ಒಬ್ಬರು ಬರೆದಿದ್ದೇ ತಡ, ಓಣಿಗೆ ಓಣಿಯೇ ಕೈಮುಗಿದಿತ್ತು. ನಾನೂ ಮುಗಿದೆ. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಹಿಟ್ಟು ನಾದಿದೆ.

ಬುತ್ತಿ ಹಿಡಿದು ಹೋದರೆ ಬಾಗಿಲ ಮುಂದೆ ಒಂದು ಜೋಡು ಚಪ್ಪಲಿಯೂ ಹೆಚ್ಚಿಗೆ ಇರಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಸತ್ತವರೇ ಕೂತಿದ್ದರು, ಕಣ್ಣು ಬಿಟ್ಟುಕೊಂಡು! ನಾನು ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಬಾ ತಂಗಿ, ಅಂಜಬ್ಯಾಡ, ದೆವ್ವಲ್ಲ ನಾ. ನಿನ್ನೆ ಇರಕಲ್ಲಗಡದಾಗ ನಮ್ಮ ಊರವ್ರು ಸನ್ಮಾನ ಮಾಡಿದ್ರು. ಫೋಟೋ ಹೊಡಿಯೂ ಹೊತ್ತಿಗೆ ಕಣ್ಣ ಪಿಳುಕಿಸಿದ್ನಿ, ಅಷ್ಟ."

ಒಳಗಿನಿಂದ ಅವರ ಹೆಂಡತಿ ಗಂಗಮ್ಮ ಬಂದರು, ಅತ್ತು ಅತ್ತು ಮುಖ ಬಾತಿತ್ತು. "ನನಗ ಬರಿಯಾಕ ಬರೂದಿಲ್ಲವಾ, ಸಂಭ್ರಮಕ್ಕ ಬರೇ ಫೋಟೋ ಹಾಕಿದ್ನಿ. ಕುಂತಲ್ಲೇ ನನ್ನ ಕುಂಕುಮ ಅಳಿಸಿಬಿಟ್ರಲ್ಲ ಎಲ್ಲಾರೂ!" ಆ ಮನೆಯಲ್ಲಿ ನಿಜವಾಗಿಯೂ ಒಲೆ ಹೊತ್ತಿರಲಿಲ್ಲ.

"ಅಯ್ಯ ಕಾಕಾ, ಆರಾಮ ಅದೀನಿ ಅಂತ ಒಂದ ಮಾತು ಹಾಕಬಾರದಿತ್ತೇನ್ರಿ?" ಎಂದು ರೇಗಿದೆ.

"ಹಾಕಾಕ ಹೋಗಿದ್ನಿ. ಆಮ್ಯಾಲೆ ತಡಿ ಅನಿಸ್ತು. ನನ್ನ ಎದಿ ನೆಟ್ಟಗಿಲ್ಲ, ನಾಳೆ ನಾ ಹೋದ್ರ ಇಕಿಗೆ ಯಾರದಾರ ಅನ್ನೂದು ತಿಳಿಬೇಕಲ್ಲ? ಸತ್ತಾಂವಗ ಅದು ಎಲ್ಲಿ ಕಾಣತೈತಿ! ಮುಂಜಾನಿಂದ ಬಾಗಲಾ ಕಾಯಾಕತ್ತೀನಿ. ನೀ ಒಬ್ಬಾಕಿನ ಬಂದಿ."

ಸುಳ್ಳು ಹೇಳುವುದಿಲ್ಲ, ಅವರು ಬದುಕಿದ್ದಾರೆಂಬ ಖುಷಿಗಿಂತ ಈ ಮಾತು ಕೊಟ್ಟ ಪೆಟ್ಟೇ ಜೋರಾಗಿತ್ತು. ನಮ್ಮವರು ಕಟುಕರಲ್ಲ. ಬೇರೆಯವರು ಹೋಗಿರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರಬೇಕು. ಕೈಮುಗಿದ ಆ ಪುಟ್ಟ ಚಿತ್ರವನ್ನು ಒತ್ತಿದೊಡನೆ ಹೋಗಿಬಂದಷ್ಟೇ ಸಮಾಧಾನವಾಗುತ್ತದೆಯಲ್ಲ, ಅಲ್ಲಿಯೇ ಮೋಸವಿರುವುದು. ದೊಡ್ಡಬಸಪ್ಪನವರು ನಿಜವಾಗಿ ತೀರಿಹೋಗಿದ್ದರೂ ಗಂಗಮ್ಮ ಈ ಹೊತ್ತಿನಲ್ಲಿ ಹೀಗೆ ಒಬ್ಬರೇ ಕೂತಿರುತ್ತಿದ್ದರು.

ಗ್ರೂಪಿಗೆ ನಾನೇ ಬರೆಯುತ್ತೇನೆಂದು ಫೋನು ತೆಗೆದೆ. ಕಾಕಾ ತಡೆದರು. "ಮೊದಲ ಉಣ್ಣೂಣು ಬಾ." ಮೂವರೂ ಕೂತು ಆ ರೊಟ್ಟಿ ಮುರಿದೆವು.

ಅಷ್ಟರಲ್ಲಿ ಎದುರುಮನೆಯ ಗೇಟು ತೆರೆಯಿತು. ಆ ಮನೆಯ ಯಜಮಾನ ಬೈಕು ತಳ್ಳಿಕೊಂಡು ಹೊರಗೆ ಬಂದರು. ಗಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಒಬ್ಬರಾದರೂ ಬಂದರಲ್ಲ ಎಂದು ನನ್ನ ಜೀವವೂ ತಣ್ಣಗಾಯಿತು. ಅವರು ನಮ್ಮ ಕಡೆ ನೋಡಿದರು, ಕೈ ಎತ್ತಿದರು.

"ಆರಾಮ್ರೀ ಕಾಕಾ?"

"ಆರಾಮ ಅದೀನ್ರೀಪಾ," ಎಂದರು ದೊಡ್ಡಬಸಪ್ಪ. ಬೈಕು ಕಚೇರಿಯ ದಾರಿ ಹಿಡಿದು ಹೋಗಿಬಿಟ್ಟಿತು.

ನಾನು ಗಾಬರಿಯಿಂದ ಗ್ರೂಪು ತಡಕಿದೆ. ಎಲ್ಲರಿಗಿಂತ ಉದ್ದವಾಗಿ ಬರೆದವರು ಅವರೇ: 'ಮಾನ್ಯ ದೊಡ್ಡಬಸಪ್ಪನವರ ಅಗಲಿಕೆ ನಮ್ಮ ಓಣಿಗೆ ತುಂಬಲಾರದ ನಷ್ಟ.' ಫೋಟೋ ತೆರೆದು ನೋಡಿರಲಿಕ್ಕಿಲ್ಲ, ಕೆಳಗಿನ ಹೆಸರನ್ನಷ್ಟೇ ಓದಿ ಬರೆದಿರಬೇಕು. ಕಾಕಾನ ಕಣ್ಣಿಗೆ ಬೀಳದಂತೆ ಫೋನು ಬೋರಲು ಹಾಕಿದೆ. ಅದನ್ನು ಅವರು ಬೆಳಿಗ್ಗೆಯೇ ಓದಿದ್ದರು.

"ಈಗ ಹಾಕವಾ ಗ್ರೂಪಿಗೆ," ಎಂದರು ಅವರು, "ದೊಡ್ಡಬಸಪ್ಪ ಅದಾನ ಅಂತ. ದೊಡ್ಡಬಸಪ್ಪ ಅಂದ್ರ ಎದುರುಮನಿ ಕಾಕಾ ಅಂತನೂ ಬರಿ."